ಕೊನೆಗೂ ಚೆಸ್ ರೇಟಿಂಗ್ ಬಂತು, ಎಲ್ಲರಿಗೂ ಥ್ಯಾಂಕ್ಸ್

ಈ ತಿಂಗಳ ಫಿಡೆ (ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕಗಳ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. 1400ರ ಗಡಿ ದಾಟಿದ್ದೇನೆ, ಅಷ್ಟೇ. ಕ್ಲಬ್ಬಿನ ಹುಡುಗರಿಗೆ ಇದೇನು ದೊಡ್ಡದಲ್ಲ. ನಲವತ್ತು ದಾಟಿದ ಮೇಲೆ ಬೋರ್ಡಿನ ಮುಂದೆ ಕೂತವನಿಗೆ ದೊಡ್ಡದೇ. ರೇಟಿಂಗ್ ಸಿಗಬೇಕಾದರೆ ಅದು ಈಗಾಗಲೇ ಇರುವವರ ಜೊತೆ ಕನಿಷ್ಠ 5 ಆಟ ಆಡಿರಬೇಕು. ನನಗೆ ಬಾಕಿ ಇದ್ದ ಐದನೆಯದು ಸಿಕ್ಕಿದ್ದು ಟೂರ್ನಿಯ ಕೊನೆಯ ಸುತ್ತಿನಲ್ಲಿ. ಎದುರಿಗೆ ಇನ್ನೂ ಮೀಸೆ ಚಿಗುರದ ಹುಡುಗ.

ಮೊದಲ ಥ್ಯಾಂಕ್ಸ್ ನಮ್ಮ ಸರ್‌ಗೆ. "ಸಿಸಿಲಿಯನ್ ಕಲಿಸಿ ಸರ್" ಅಂತ, ತುಂಬಾ ಓದು ಬೇಡುವ ಆ ಆರಂಭದ ಆಟಕ್ಕೆ ನಾನು ಹಠ ಹಿಡಿದಾಗ ಅವರು ಬೈಯಲಿಲ್ಲ. "ದಿನಾ ಓದೋಕೆ ಟೈಮ್ ಎಷ್ಟಿದೆ ನಿಮಗೆ?" ಅಂದರು. ಮರುವಾರದಿಂದ, ಅಷ್ಟು ಓದು ಬೇಡದ ಇನ್ನೊಂದು ಆರಂಭ, ಕಾರೋ-ಕಾನ್ ಶುರುವಾಯಿತು.

ಆಟದಲ್ಲೂ ಅದೇ ಬಂತು. ಬಿಳಿ ಅವನದು, ಕಪ್ಪು ನನ್ನದು; ಅಕ್ಷರ-ಅಂಕಿ ಅಂದರೆ ಕಾಯಿ ಹೋಗಿ ಕೂರುವ ಮನೆ. ಇ4, ಸಿ6. ಡಿ4, ಡಿ5. ಹುಡುಗ ಇ5 ತಳ್ಳಿದ, ನಾನು ಒಂಟೆಯನ್ನು (ಬಿಷಪ್) ಎಫ್5ಕ್ಕೆ ತಂದೆ. ಅವನು ಥಟ್ಟನೆ ಎಚ್4 ಆಡಿದ. 1961ರ ವಿಶ್ವ ಚಾಂಪಿಯನ್‌ಶಿಪ್ ಮರುಸರಣಿಯಲ್ಲಿ ಮಾಜಿ ಚಾಂಪಿಯನ್ ಬಾಟ್ವಿನಿಕ್ ಮೇಲೆ ಆಗಿನ ಚಾಂಪಿಯನ್ ತಾಲ್ ಬಿಟ್ಟ ಬಾಣ ಇದು. ತಾಲ್ ಸರಣಿ ಸೋತರೂ ನಡೆ ಅವರ ಹೆಸರಲ್ಲೇ ಉಳಿಯಿತು. ನೋಡೋಕೆ ಸುಮ್ನೆ ಅಂಚಿನ ಪಾನ್ (ಕಾಲಾಳು). ಆದರೆ ಕಪ್ಪಿನವರು ಅಭ್ಯಾಸಬಲದಿಂದ ಇ6 ಆಡಿದರೋ, ಒಂಟೆ ಕೈಬಿಟ್ಟಂತೆ. ಜಿ4, ಒಂಟೆ ಇ4ಕ್ಕೆ. ಎಫ್3, ಒಂಟೆ ಜಿ6ಕ್ಕೆ. ಎಚ್5, ಇನ್ನು ಓಡಲು ಜಾಗವೇ ಇಲ್ಲ. ಸರ್ ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಇಟ್ಟು ತೋರಿಸಿದ್ದರೋ! ಅದಕ್ಕೇ ನಾನು ಇ6 ಬಿಟ್ಟು ನನ್ನ ಪಾನನ್ನೇ ಎಚ್5ಕ್ಕೆ ತಳ್ಳಿ ಅವನ ಪಾನಿನ ದಾರಿ ತಡೆದೆ. ಒಂಟೆಗಳು ಹೊಡೆದಾಡಿ ಹೋದವು, ಖಾಲಿಯಾದ ಎಫ್5ರಲ್ಲಿ ನನ್ನ ಕುದುರೆ ಬಂದು ಕೂತಿತು. ಜಿ4 ತಳ್ಳಿ ಅದನ್ನು ಓಡಿಸೋಣ ಅಂದರೆ ನನ್ನ ಎಚ್ ಪಾನ್ ಕಾಯ್ತಾ ಇದೆ! ಕೊನೆಗೆ ಬರೀ ಆನೆಗಳು ಉಳಿದು ಆಟ ಡ್ರಾ ಆಯಿತು.

ಆ ಹುಡುಗನಿಗೂ ಥ್ಯಾಂಕ್ಸ್. ಕೈಕುಲುಕಿ ಎದ್ದು ಹೋಗಬಹುದಿತ್ತು. "ಅಂಕಲ್, ಒಂದ್ನಿಮಿಷ" ಅಂತ ಹೊರಗೆ ಕರೆದುಕೊಂಡು ಹೋಗಿ, ಕಾಯಿ ಮತ್ತೆ ಜೋಡಿಸಿ, ತಾನು ಎಲ್ಲಿ ಗೆಲ್ಲಬಹುದಿತ್ತು ಅಂತ ತೋರಿಸಿದ. ಹೊಟ್ಟೆ ಉರಿಸೋಕೆ ಅಲ್ಲ, ನಿಜಕ್ಕೂ ಆಸಕ್ತಿಯಿಂದ.

ಪ್ರತಿ ನಡೆಗೆ ಗಡಿಯಾರಕ್ಕೆ 30 ಸೆಕೆಂಡ್ ಸೇರುವ ಆಟದಲ್ಲಿ ಕೊನೆವರೆಗೂ ನಡೆ ಬರೆಯಲೇಬೇಕು. ನನ್ನ ಪೆನ್ನು ನಡುವೆ ನಿಂತುಹೋಯಿತು. ಏನೂ ಮಾತಾಡದೆ ತಮ್ಮ ಪೆನ್ನು ತಂದು ಪಕ್ಕದಲ್ಲಿಟ್ಟ ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಮೇಡಂಗೆ ನಮಸ್ಕಾರ. ಪೆನ್ನು ನನ್ನ ಹತ್ತಿರವೇ ಇದೆ, ಮುಂದಿನ ಟೂರ್ನಿಗೆ ತರ್ತೀನಿ.

ಶನಿವಾರ, ಭಾನುವಾರ ಮನೆ-ಅಂಗಡಿ ಎರಡನ್ನೂ ಒಬ್ಬಳೇ ನೋಡಿಕೊಂಡ ನನ್ನ ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಸಾಲದು. "ಇಷ್ಟೆಲ್ಲಾ ಮಾಡಿ ಡ್ರಾನಾ?" ಅಂತ ಕೇಳಿದವಳೇ ಕ್ಲಬ್ಬಿಗೆ ಅಂತ ಮೈಸೂರು ಪಾಕ್ ಮಾಡ್ತಿದ್ದಾಳೆ. ಭಾನುವಾರ ಎಲ್ಲರೂ ಬನ್ನಿ, ಸಿಸಿಲಿಯನ್ ಆಡುವವರೂ.