ಮಗಳಿಗೊಂದು ಪತ್ರ: ಉಲಾಪೆಯೂ ಅಕ್ಕತಂಗಿಯರಲ್ಲಿ ಒಬ್ಬಳೇ

ಪ್ರೀತಿಯ ಕೂಸಿಗೆ ಆಯಿಯ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನಾವಿಬ್ಬರೂ ದನಿ ಏರಿಸಿದ್ದು ಮಹಡಿ ಮೇಲೆ ಮಲಗಿದ್ದ ನಿನ್ನ ತಮ್ಮ ಮಾಣಿಗೂ ಕೇಳಿಸಿದೆ. ಬೆಳಿಗ್ಗೆ ಅವನು ನನ್ನ ಮುಖ ನೋಡದೆ ಎರಡು ತೆಳ್ಳೇವು ತಿಂದು ಕಾಲೇಜಿಗೆ ಹೋದ. ಮತ್ತೆ ಫೋನು ಮಾಡಿದರೆ ಮತ್ತೆ ಜಗಳವೇ ಆದೀತೆಂದು ಬರೆಯಲು ಕೂತಿದ್ದೇನೆ. ಸಿಟ್ಟಿನ ಭರದಲ್ಲಿ ನಾನು ಆಡಿದ ಒಂದೆರಡು ಮಾತುಗಳನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಅಮೆರಿಕದ ಸಾಂತಾ ಬಾರ್ಬರಾದಲ್ಲಿ ಓದಲು ಸಿಕ್ಕ ಸೀಟು ಬಿಟ್ಟು, ತಮ್ಮನಿಗಾಗಿ ತೋಟ ನೋಡಿಕೊಂಡು ಊರಲ್ಲೇ ಇರುತ್ತೇನೆಂದು ನೀನು ಹೇಳಿದ್ದಕ್ಕೆ ನನ್ನ ಒಪ್ಪಿಗೆ ನಿನ್ನೆಯೂ ಇರಲಿಲ್ಲ, ಇವತ್ತೂ ಇಲ್ಲ. ಮೇ ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಇಬ್ಬರಿಗೂ ಗೊತ್ತು.

ನಿನ್ನೆ ನೀನು ಹೇಳಿದ್ದರಲ್ಲಿ ಒಂದು ಮಾತು ನನ್ನನ್ನು ನಿದ್ದೆಗೆ ಬಿಡಲಿಲ್ಲ. "ಕರಾನ ಒಬ್ಬಳೇ ಇಡೀ ದ್ವೀಪ ನೋಡಿಕೊಂಡಳು, ನಾನು ಎರಡೆಕರೆ ತೋಟ ನೋಡಿಕೊಳ್ಳಲಾರೆನೇ?" ಎಂದೆಯಲ್ಲ. ಮಾರ್ಚಿನಲ್ಲಿ ಪ್ರವೇಶದ ಪತ್ರ ಬಂದ ದಿನ 'ನಾನು ಹೋಗುವ ಊರಿನ ಕಥೆ, ಓದಿ ನೋಡು' ಎಂದು ಸ್ಕಾಟ್ ಒ'ಡೆಲ್ ಬರೆದ 'ಐಲ್ಯಾಂಡ್ ಆಫ್ ದ ಬ್ಲೂ ಡಾಲ್ಫಿನ್ಸ್' ಪುಸ್ತಕವನ್ನು ನೀನೇ ನನ್ನ ಕೈಗಿತ್ತೆ. 1960ರಲ್ಲಿ ಮಕ್ಕಳಿಗಾಗಿ ಬಂದ ಕಾದಂಬರಿ, ಮರುವರ್ಷ ನ್ಯೂಬೆರಿ ಪದಕ ಪಡೆದದ್ದು ಎಂದು ಬೆನ್ನಪುಟದಲ್ಲಿದೆ. ನಿನ್ನ ಹಳೆಯ ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ನಾನು ಅದನ್ನು ಓದಿದ್ದು ಜೂನ್ ಮಳೆಯಲ್ಲಿ, ಮನೆಯಲ್ಲಿ ಮಾತು ಕಡಿಮೆಯಾಗಿದ್ದ ಕಾಲದಲ್ಲಿ. ಹಾಗಾಗಿ ಅದರ ನಾಯಕಿ ಕರಾನಳ ವಿಷಯದಲ್ಲಿ ನಿನ್ನೊಡನೆ ವಾದ ಮಾಡುವಷ್ಟು ಅಧಿಕಾರ ನನಗೂ ಇದೆಯೆಂದು ತಿಳಿದುಕೋ.

ಅವಳು ದ್ವೀಪ ನೋಡಿಕೊಳ್ಳಬೇಕೆಂದು ಉಳಿದವಳಲ್ಲ ಕೂಸೇ. ಕಡಲ ನೀರುನಾಯಿಯ ತೊಗಲಿಗಾಗಿ ಬಂದ ಬೇಟೆಗಾರರ ಜೊತೆಗಿನ ಹೊಡೆದಾಟದಲ್ಲಿ ಅವಳ ಅಪ್ಪ ಸತ್ತ. ಆ ಮೇಲೆ ಉಳಿದವರನ್ನೆಲ್ಲ ಕರೆದೊಯ್ಯಲು ಹಡಗು ಬಂತು. ಅವಳು ಹಡಗು ಹತ್ತಿಯೂ ಆಗಿತ್ತು. ಆರು ವರ್ಷದ ತಮ್ಮ ರಾಮೊ ಈಟಿ ಮರೆತೆನೆಂದು ಹಿಂದಕ್ಕೆ ಓಡಿ ದಡದಲ್ಲೇ ಉಳಿದದ್ದನ್ನು ಕಂಡಳು. ಬಿರುಗಾಳಿ ಬರುತ್ತಿದೆ, ಕಾಯಲಾಗದು ಎಂದರು. ಅವಳು ನೀರಿಗೆ ಹಾರಿದಳು. ಈಜುವಾಗ ಅವಳಿಗೆ ಬಂದ ಸಿಟ್ಟೆಲ್ಲ ತಾನು ಅಷ್ಟು ದಿನ ಕೂತು ನೇಯ್ದ ನಾರಿನ ಲಂಗ ಹಾಳಾಯಿತೆಂಬುದಕ್ಕೆ. ದಡ ಸೇರಿ ತಮ್ಮನಿಗೆ ಸರಿಯಾಗಿ ಬಾರಿಸಬೇಕೆಂದುಕೊಂಡವಳು, ಈಟಿ ಹಿಡಿದು ಸಪ್ಪೆ ಮೋರೆ ಹಾಕಿ ನಿಂತವನನ್ನು ಕಂಡೊಡನೆ ಮೊಣಕಾಲೂರಿ ತಬ್ಬಿಕೊಂಡಳು.

ಆ ಪುಟವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ, ಏಕೆಂದರೆ ಅದು ನಾನು ನೋಡಿದ ಪುಟ. ನೀನು ಆರನೇ ತರಗತಿ, ಮಾಣಿ ಒಂದನೇ ತರಗತಿ. ಸಂಜೆಯ ಬಸ್ಸು ಹೊರಟಾಗ ಅವನು ಕೊಡೆ ಮರೆತೆನೆಂದು ಶಾಲೆಗೆ ಓಡಿದ್ದ. ನೀನು ಕಂಡಕ್ಟರನಿಗೆ ಕೂಗಿ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದೆಯಂತೆ. ಕತ್ತಲಾದ ಮೇಲೆ ಇಬ್ಬರೂ ನಡೆದು ಅಂಗಳಕ್ಕೆ ಬಂದಿರಿ. ಕೊಡೆ ಅವನ ಕೈಯಲ್ಲೇ ಇತ್ತು, ಗಾಳಿಗೆ ಬಿಚ್ಚಲಾಗದೆ ಮಡಿಚಿಯೇ ತಂದಿದ್ದ. ನಿನ್ನ ಮೊಣಕಾಲು ತರಚಿತ್ತು. ನಿಮ್ಮ ಅಪ್ಪಯ್ಯ ಏನೂ ಹೇಳದೆ ಬಚ್ಚಲ ಒಲೆಗೆ ಇನ್ನೆರಡು ಕುಂಟೆ ಹಾಕಿದರು. ನಾನು ಮಾತ್ರ ಮನೆಗೆ ಬಂದ ನೆಂಟರಿಗೆಲ್ಲ, ನಿನ್ನ ಎದುರಿಗೇ, ಅವನ ಎದುರಿಗೇ, ನಮ್ಮ ಕೂಸು ತಮ್ಮನಿಗಾಗಿ ಬಸ್ಸಿನಿಂದ ಹಾರಿದ್ದನ್ನು ಎಷ್ಟೋ ವರ್ಷ ಹೇಳಿದೆ. ಹೇಳಬಾರದಿತ್ತೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅವತ್ತು ನೀನು ಮಾಡಿದ್ದು ಸರಿಯೇ. ಆದರೆ ಬಸ್ಸು ಮರುದಿನವೂ ಬರುತ್ತದೆ. ಕರಾನ ಬಿಟ್ಟ ಹಡಗು ಮತ್ತೆ ಬರಲಿಲ್ಲ. ಬಿರುಗಾಳಿಗೆ ಸಿಕ್ಕಿ ಅದು ಮುಳುಗಿತೆಂದು ಅವಳಿಗೆ ತಿಳಿದದ್ದು ಇನ್ನೊಂದು ಹಡಗು ಅವಳನ್ನು ಕರೆದೊಯ್ದ ನಂತರ.

ಅವಳು ಹಾರಿದ್ದರಿಂದ ತಮ್ಮ ಉಳಿದನೇ ಎಂಬುದನ್ನು ನಾನು ಬರೆಯಬಾರದೆಂದಿದ್ದೆ. ಬಾಯಿಂದ ಅಂಥ ಮಾತು ಹೊರಡಬಾರದು ಎಂದು ನಮ್ಮ ಅಮ್ಮ ಹೇಳುತ್ತಿದ್ದಳು. ಆದರೆ ಕಥೆಯಲ್ಲಿರುವುದನ್ನು ನಾನು ಮುಚ್ಚಿಟ್ಟರೆ ನೀನು ಓದಿಲ್ಲವೆಂದೇನೂ ಆಗುವುದಿಲ್ಲ. ದೋಣಿ ತರುತ್ತೇನೆಂದು ಒಬ್ಬನೇ ಹೋದ ರಾಮೊ ಕಾಡುನಾಯಿಗಳ ಬಾಯಿಗೆ ಬಿದ್ದ. ಅವಳು ಎಷ್ಟೇ ಪ್ರೀತಿಯಿದ್ದರೂ ಇಡೀ ಹೊತ್ತು ಅವನ ಬೆನ್ನ ಹಿಂದೆ ಇರಲಾರಳಾಗಿದ್ದಳು. ಇಲ್ಲಿ ನನಗೆ ಇನ್ನೊಬ್ಬಳು ನೆನಪಾಗುತ್ತಾಳೆ, ಓದಿದವರು ಹೆಚ್ಚಾಗಿ ಮರೆತುಬಿಡುವವಳು: ಅಕ್ಕ ಉಲಾಪೆ. ಅವಳು ಹಡಗಿನಲ್ಲೇ ಉಳಿದು ಹೋದಳು. ರಾಮೊ ಅವಳಿಗೂ ತಮ್ಮನೇ. ಕಥೆಯಲ್ಲಿ ಯಾರೂ ಅವಳನ್ನು ಕಲ್ಲುಮನಸ್ಸಿನವಳು ಎನ್ನುವುದಿಲ್ಲ, ಕರಾನ ಕೂಡ ಅನ್ನುವುದಿಲ್ಲ. ನೀನು ಹಡಗಿನಲ್ಲಿ ಉಳಿದರೆ ಈ ಊರಿನಲ್ಲಿ ನಿನ್ನನ್ನು ಹಾಗೆನ್ನುವ ನಾಲಿಗೆಗಳು ಇವೆ. ಅವಕ್ಕೆ ಉತ್ತರ ಕೊಡಲು ನಾನಿದ್ದೇನೆ. ಮಾಣಿಗೆ ಈಗ ಆರು ವರ್ಷವಲ್ಲ. ನಿನ್ನೆ ಅವನು ಕೇಳಿಸಿಕೊಂಡದ್ದು ಏನೆಂದು ಯೋಚಿಸು: ತನ್ನಿಂದಾಗಿ ಅಕ್ಕನ ಓದು ನಿಂತಿತು ಎಂಬುದನ್ನು. ಆ ಭಾರವನ್ನು ಅವನು ಎಷ್ಟು ವರ್ಷ ಹೊರಬೇಕು?

ನಿನ್ನಿಂದ ತೋಟ ಆಗದೆಂದು ನಾನು ಹೇಳುತ್ತಿಲ್ಲ. ಹೆಂಗಸರು ಆಯುಧ ಮಾಡಿದರೆ ನಾಲ್ಕು ದಿಕ್ಕಿನಿಂದ ಗಾಳಿ ಎದ್ದು ಉಸಿರುಗಟ್ಟೀತು, ನೆಲ ನಡುಗೀತು ಎಂಬ ಕಟ್ಟಳೆ ಕರಾನಳ ಕುಲದಲ್ಲಿತ್ತಲ್ಲ, ಅವಳು ಹೆದರುತ್ತ ಹೆದರುತ್ತ ಬಿಲ್ಲು ಮಾಡಿದಳಲ್ಲ, ಅಲ್ಲಿ ನನಗೆ ಕಂಡದ್ದು ನೀನೇ. ಈ ಸಲ ಮಳೆ ಹಿಡಿಯುವ ಮೊದಲು ಆಗಬೇಕಿದ್ದ ಕೊಳೆರೋಗದ ಔಷಧಿ ನಮ್ಮ ಅಡಿಕೆ ತೋಟಕ್ಕೆ ಆಗಿರಲಿಲ್ಲ. ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಕೊನೆಗೌಡ ಇವತ್ತು ನಾಳೆ ಎನ್ನುತ್ತಿದ್ದ. ಮಳೆ ಬಿಡುವು ಕೊಟ್ಟ ಬೆಳಿಗ್ಗೆ ನೀನು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕ ಹಿಡಿದು, ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದೆ. ಅಡಿಗೆಮನೆಯ ಕತ್ತಿಯನ್ನು ತಿಕ್ಕಿ ಬೆಳಗಿ ಅದರಲ್ಲಿ ಅದ್ದಿ, ಅಲಗಿಗೆ ಕೆಂಪು ಹತ್ತಿದ್ದನ್ನು ಬೆಳಕಿಗೆ ಹಿಡಿದು ನೋಡಿ, ಸುಣ್ಣ ಸಾಲದೆಂದು ಇನ್ನೊಂದು ಹಿಡಿ ಹಾಕಿದೆ. ಆಮೇಲೆ ಆ ಉದ್ದನೆಯ ಕಾರ್ಬನ್ ಫೈಬರ್ ದೋಟಿಯನ್ನು ಎತ್ತಿ ನಿಲ್ಲಿಸಿ ಅಡಿಕೆ ಕೊನೆಗಳಿಗೆ ಔಷಧಿ ಹಿಡಿದೆ. 'ಹೆಣ್ಣುಮಕ್ಕಳು ದೋಟಿ ಹಿಡಿಯುವುದುಂಟೇ' ಎಂದವರು ಮರುವಾರ ಮಾಣಿಯ ಹತ್ತಿರ ಆ ದೋಟಿ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು. ನಿಮ್ಮ ಅಪ್ಪಯ್ಯ ಇದ್ದಿದ್ದರೆ ಜಗುಲಿಯಲ್ಲಿ ಕೂತು ಬಾಯ್ತುಂಬ ಕವಳ ಹಾಕಿಕೊಂಡು ನಗುತ್ತಿದ್ದರು. ನನಗೂ ಹೆಮ್ಮೆಯೇ. ಆದರೆ ಮಾಡಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸಕ್ಕೆ ನಿನ್ನನ್ನು ಬರೆದುಕೊಡಬೇಕಾಗಿಲ್ಲ.

ಕಥೆಯ ಹಿಂದೆ ನಿಜವಾದ ಒಬ್ಬ ಹೆಂಗಸು ಇದ್ದಳೆಂದು ನೀನೇ ಹೇಳಿದ್ದೆ. ಕ್ಯಾಲಿಫೋರ್ನಿಯಾದ ಕರಾವಳಿಯಿಂದ ಸುಮಾರು 100 ಕಿ.ಮೀ. ಆಚೆಯ ಸಾನ್ ನಿಕೊಲಸ್ ದ್ವೀಪ. 1814ರಲ್ಲಿ ರಷ್ಯನ್ ಕಂಪನಿಯ ಬೇಟೆಗಾರರು ಅಲ್ಲಿಯವರಲ್ಲಿ ಅನೇಕರನ್ನು ಕೊಂದರು. 1835ರಲ್ಲಿ ಅಳಿದುಳಿದವರನ್ನು ಹಡಗು ಹತ್ತಿಸಿದಾಗ ಅವಳು ಹಿಂದುಳಿದಳು. 1853ರಲ್ಲಿ ಜಾರ್ಜ್ ನಿಡೆವರ್ ಎಂಬಾತನ ತಂಡ ಅವಳನ್ನು ಕಂಡಿತು. ಹದಿನೆಂಟು ವರ್ಷ. ತಿಮಿಂಗಿಲದ ಎಲುಬಿನ ಗುಡಿಸಲು, ನೀರುಕಾಗೆಯ ಗರಿಯ ಉಡುಪು. ಸಾಂತಾ ಬಾರ್ಬರಾಕ್ಕೆ ಬಂದ ಮೇಲೆ ಅವಳ ಮಾತು ಪೂರ್ತಿ ತಿಳಿಯುವವರು ಯಾರೂ ಸಿಗಲಿಲ್ಲ, ಏಳು ವಾರಗಳಲ್ಲಿ ಆಮಶಂಕೆಯಿಂದ ತೀರಿಹೋದಳು. ಹುವಾನಾ ಮರಿಯಾ ಎಂಬುದು ಪಾದ್ರಿಗಳು ಕೊಟ್ಟ ಹೆಸರು. ಅವಳ ತಾಯಿ ಕರೆದ ಹೆಸರು ಯಾರಿಗೂ ತಿಳಿಯದು. ಇದನ್ನು ಸ್ವಾವಲಂಬನೆಯ ಕಥೆಯೆಂದು ಮಕ್ಕಳಿಗೆ ಕೊಡುವವರು ಕೊಡಲಿ, ಅದರಲ್ಲಿ ಸುಳ್ಳಿಲ್ಲ. ನನಗೆ ಮಾತ್ರ ಅವಳ ಧೈರ್ಯಕ್ಕಿಂತ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದ ತೊಗಲಿನ ವ್ಯಾಪಾರವೇ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ. ಬೇರೆ ದಾರಿಯಿದ್ದೂ ಯಾರಾದರೂ ಆ ಬಾಳನ್ನು ಆರಿಸಿಕೊಳ್ಳುತ್ತಾರೆಯೇ?

ಅಲ್ಲಿ ಹೋದ ಮೇಲೆ ನೀನು ಕೋಣೆಯ ಬಾಗಿಲು ಹಾಕಿಕೊಂಡು ಕೂರುವವಳು ಎಂಬುದೂ ನನಗೆ ಗೊತ್ತು. ಬೆಂಗಳೂರಿನಲ್ಲಿ ಅದನ್ನೇ ಮಾಡಿದೆ. ಕರಾನಳಿಗೆ ತಾನು ಎಷ್ಟು ಒಂಟಿಯೆಂದು ತಿಳಿದದ್ದು ಟುಟೊಕ್ ಎಂಬ ಹುಡುಗಿ ದ್ವೀಪಕ್ಕೆ ಬಂದು ಹೋದ ಮೇಲೆ, ಅವಳೋ ಕರಾನಳ ಅಪ್ಪನನ್ನು ಕೊಂದ ಅಲ್ಯೂಟ್ ಬೇಟೆಗಾರರ ಕಡೆಯವಳು. ಆದ್ದರಿಂದ ಮೊದಲ ವಾರದಲ್ಲೇ ನಾಲ್ಕು ಜನರ ಪರಿಚಯ ಮಾಡಿಕೋ, ನಮ್ಮ ಕಡೆಯವರೇ ಬೇಕೆಂದು ಹುಡುಕಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು, ಜ್ವರ ಬಂದರೆ ಮುಚ್ಚಿಡಬೇಡ. ಉಪದೇಶವಾಯಿತು, ಗೊತ್ತು; ನೀನು ಈಗ ಕಣ್ಣು ಮೇಲೆ ಮಾಡುತ್ತಿರುವುದೂ ನನಗೆ ಇಲ್ಲಿಂದಲೇ ಕಾಣುತ್ತದೆ.

ತೋಟದ ವಿಷಯ ತೀರ್ಮಾನವಾಗಿದೆ. ಮುಂದಿನ ಔಷಧಿಯನ್ನು ಮಾಣಿಯೇ ಹೊಡೆಯುತ್ತಾನಂತೆ. ಸುಣ್ಣದ ಲೆಕ್ಕವನ್ನು ನೀನು ಅವನಿಗೆ ಬರೆದು ಕಳಿಸು, ನನ್ನನ್ನು ಕೇಳಿದರೆ ನಾನು ತಪ್ಪಿಸಿಬಿಡುತ್ತೇನೆ. ಕೊಯ್ಲಿಗೆ ಕೊನೆಗೌಡನಿಗೆ ಈಗಲೇ ಮುಂಗಡ ಕೊಟ್ಟಿದ್ದೇನೆ. ವಿಮಾನದ ಟಿಕೆಟನ್ನು ರದ್ದು ಮಾಡಬೇಡ. ಆಗಲೇ ಮಾಡಿದ್ದರೆ ತಿಳಿಸು, ಅಟ್ಟದ ಮೇಲೆ ಹಳೆ ಅಡಿಕೆ ಇನ್ನೂ ಆರು ಚೀಲ ಇದೆ, ಸೋಮವಾರ ಶಿರಸಿಗೆ ಒಯ್ದು ಮಾರಿ ಇನ್ನೊಂದು ಟಿಕೆಟು ತೆಗೆಸುತ್ತೇನೆ.

ನಿನ್ನ ಆಯಿ