ಸುರಕ್ಷತಾ ಟ್ರೈನಿಂಗ್ ಕಾಂಟ್ರಾಕ್ಟ್ ಕೆಲಸದವರಿಗೂ ವಾಲಂಟಿಯರ್‌ಗಳಿಗೂ ಸಿಗಲಿ

ಸಂಪಾದಕರೇ, ನಮಸ್ಕಾರ.

ನಾನು ಮಂಗಳೂರಿನ ಒಂದು ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ ಅಟೆಂಡರ್. ಈಗ ಕಾಲೇಜು, ಯೂನಿವರ್ಸಿಟಿಗಳಲ್ಲಿ ಸಿಬ್ಬಂದಿಗೆ ಫೈರ್ ಸೇಫ್ಟಿ, ಲೈಂಗಿಕ ಕಿರುಕುಳ ತಡೆ, ರ‍್ಯಾಗಿಂಗ್ ತಡೆ ಅಂತೆಲ್ಲ ಟ್ರೈನಿಂಗ್ ಮಾಡ್ತಾರೆ, ಒಳ್ಳೇದೇ, ಆಗ್ಲೇಬೇಕು. ಆದ್ರೆ ಕ್ಯಾಂಪಸ್ಸಲ್ಲಿ ಅತಿ ಹೆಚ್ಚು ಅಪಾಯ ಇರುವ ಕೆಲಸ ಮಾಡುವವರಿಗೇ ಅದು ಸಿಗ್ತಾ ಇಲ್ಲ ಅಂತ ಹೇಳ್ಲಿಕ್ಕೆ ಈ ಪತ್ರ.

ನಮ್ಮಲ್ಲಿ ಟ್ರೈನಿಂಗ್ ಅಂದ್ರೆ ಸೆಮಿನಾರ್ ಹಾಲಲ್ಲಿ ಇಂಗ್ಲಿಷ್ ಸ್ಲೈಡ್, ಎರಡು ಗಂಟೆ ಭಾಷಣ, ಫೋಟೋ, ಸರ್ಟಿಫಿಕೇಟ್. ಕೂತ್ಕೊಳ್ಳುವವರು ಪರ್ಮನೆಂಟ್ ಲೆಕ್ಚರರ್‌ಗಳು, ಆಫೀಸಿನವರು. ಹೌಸ್‌ಕೀಪಿಂಗ್‌ನ ಅಕ್ಕಂದಿರು, ಹಾಸ್ಟೆಲ್ ಅಡುಗೆಯವರು, ಗೇಟಿನ ಸೆಕ್ಯೂರಿಟಿ ಅಣ್ಣಂದಿರು ಕಾಂಟ್ರಾಕ್ಟರ್ ಕಡೆಯವರು ಅಂತ ಹೊರಗೇ ಇರ್ತಾರೆ, ಗೆಸ್ಟ್ ಲೆಕ್ಚರರ್‌ಗಳನ್ನು ಸಹ ಎಷ್ಟೋ ಸಲ ಕರೆಯುದಿಲ್ಲ.

ಒಮ್ಮೆ ನಮ್ಮ ಲ್ಯಾಬಲ್ಲಿ ಸಲ್ಫ್ಯೂರಿಕ್ ಆಸಿಡ್ ಬಾಟ್ಲಿ ಕೆಳಗೆ ಬಿದ್ದು ಒಡೆಯಿತು. ಕ್ಲೀನಿಂಗಿನ ಅಕ್ಕ ಬಕೆಟ್ ತುಂಬ ನೀರು, ಬಟ್ಟೆ ಹಿಡ್ಕೊಂಡು ಬಂದ್ರು, ಗ್ಲೌಸ್ ಇಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಕಾನ್ಸಂಟ್ರೇಟೆಡ್ ಆಸಿಡಿಗೆ ನೀರು ಬಿದ್ರೆ ಕುದಿದು ಸಿಡಿಯುತ್ತದೆ, ಮುಖಕ್ಕೆ ಹಾರ್ತದೆ, ಹಾಗಾಗಿ ನಾನು ಅವರನ್ನು ತಡೆದು ಮರಳು, ಸೋಡಾ ಪುಡಿ ಹಾಕಿ ಮತ್ತೆ ತೆಗೆದದ್ದು. ಅವರದ್ದು ಎಂತ ತಪ್ಪೂ ಇಲ್ಲ, ಯಾರಾದ್ರೂ ಒಂದು ದಿನ ಹೇಳಿಕೊಟ್ಟಿದ್ರೆ ತಾನೇ ಗೊತ್ತಾಗುದು. ಟಾಯ್ಲೆಟ್ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಮತ್ತೆ ಆಸಿಡ್ ಎರಡನ್ನೂ ಒಟ್ಟಿಗೆ ಹಾಕಿದ್ರೆ ಕ್ಲೋರಿನ್ ಗ್ಯಾಸ್ ಬರ್ತದೆ, ಕಿಟಕಿ ಇಲ್ಲದ ರೂಮಲ್ಲಿ ಅದು ಜೀವಕ್ಕೇ ಅಪಾಯ, ಇದನ್ನು ಪ್ರತಿದಿನ ಆ ಕೆಲಸ ಮಾಡುವವರಿಗೇ ಯಾರೂ ಹೇಳಿಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲೂ ಹಾಗೇ. ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದ್ರೆ ನೀರು ಹಾಕ್ಬಾರ್ದು, ಗ್ಯಾಸ್ ಆಫ್ ಮಾಡಿ ಮುಚ್ಚಳ ಮುಚ್ಬೇಕು. ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತಾಡ್ತಾ ಉಂಟು, ಆದ್ರೆ ಪಿನ್ ಎಳೆದು ಬೆಂಕಿಯ ಬುಡಕ್ಕೆ ಹಿಡಿದು ಒತ್ಬೇಕು ಅಂತ ಕೈಯಾರೆ ಒಂದು ಸಲವೂ ಮಾಡಿಸದಿದ್ರೆ ಆ ಗಾಬರಿಯಲ್ಲಿ ಯಾರಿಗೆ ನೆನಪಾಗ್ತದೆ ಹೇಳಿ.

ಕಾನೂನು ಇದರಲ್ಲಿ ತುಂಬಾ ಸ್ಪಷ್ಟ ಉಂಟು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ನೌಕರರು ಅಂದ್ರೆ ಪರ್ಮನೆಂಟ್ ಮಾತ್ರ ಅಲ್ಲ, ತಾತ್ಕಾಲಿಕ, ದಿನಗೂಲಿ, ಕಾಂಟ್ರಾಕ್ಟರ್ ಮೂಲಕ ಬಂದವರು, ಟ್ರೈನಿ, ಸಂಬಳ ಇಲ್ಲದೆ ಸ್ವಯಂಸೇವೆ ಮಾಡುವವರು ಎಲ್ಲರೂ ಬರ್ತಾರೆ. ಆಗಾಗ ಜಾಗೃತಿ ಕಾರ್ಯಕ್ರಮ ಮಾಡುದು ಸಂಸ್ಥೆಯ ಜವಾಬ್ದಾರಿ ಅಂತ ಅದೇ ಕಾಯ್ದೆ ಹೇಳ್ತದೆ. ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ 2015ರಲ್ಲಿ ವಿದ್ಯಾರ್ಥಿಗಳನ್ನೂ ಸೇರಿಸಿ ಬೇರೆ ನಿಯಮಾವಳಿಯನ್ನೇ ತಂದಿದೆ. ಹೆಂಗಸೇ ಅಧ್ಯಕ್ಷೆ ಆಗಿರುವ, ಹೊರಗಿನ ಸದಸ್ಯರೂ ಇರುವ ಕಮಿಟಿ ಇರ್ಬೇಕು, ಘಟನೆ ಆಗಿ ಮೂರು ತಿಂಗಳ ಒಳಗೆ ಅದಕ್ಕೆ ದೂರು ಕೊಡ್ಬೇಕು. ಈಗ ನೀವೇ ಯೋಚನೆ ಮಾಡಿ, ಬಾಗಲಕೋಟೆಯಿಂದಲೋ ಕೊಪ್ಪಳದಿಂದಲೋ ಬಂದು ಇಲ್ಲಿ ಗುಡಿಸುವ ಕೆಲಸ ಮಾಡುವ ಹುಡುಗಿಗೆ ಸೂಪರ್‌ವೈಸರ್ ಕಡೆಯಿಂದಲೇ ತೊಂದರೆ ಆದ್ರೆ ಅವಳು ಯಾರ ಹತ್ರ ಹೋಗುದು? ಇಂಥಾ ಕಮಿಟಿ ಉಂಟು ಅಂತ ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಮುಗಿದಿರ್ತದೆ. ಸರಿಯಾದ ಕಾರಣ ಇದ್ರೆ ಇನ್ನೂ ಮೂರು ತಿಂಗಳು ಕಮಿಟಿ ಕೊಡ್ಬಹುದು, ಆದ್ರೆ ಅದು ಸಹ ಅವಳಿಗೆ ಯಾರಾದ್ರೂ ಹೇಳಿದ್ರೆ ಮಾತ್ರ ಉಪಯೋಗ.

ಹದಿನೆಂಟು ತುಂಬದ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಬಗ್ಗೆಯೂ ಹೇಳ್ಬೇಕು. ನಮ್ಮ ಊರಲ್ಲಿ ಪಿಯು ಮತ್ತೆ ಡಿಗ್ರಿ ಒಂದೇ ಕಂಪೌಂಡಲ್ಲಿರುವ ಕಾಲೇಜು ಬೇಕಾದಷ್ಟು, ಫಸ್ಟ್ ಇಯರ್ ಡಿಗ್ರಿಗೆ ಬರುವ ಕೆಲವರಿಗೂ ಹದಿನೆಂಟು ತುಂಬಿರುದಿಲ್ಲ. ಆ ಮಕ್ಕಳ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸ್ಲೇಬೇಕು, ತಿಳಿಸದಿದ್ರೆ ಆರು ತಿಂಗಳವರೆಗೆ ಜೈಲು ಆಗ್ಬಹುದು. ಹಾಸ್ಟೆಲಿನ ವಾಚ್‌ಮನ್‌ಗೂ ಇದು ಅನ್ವಯ ಆಗ್ತದೆ, ಅವರಿಗೆ ಈ ವಿಷಯ ಗೊತ್ತುಂಟಾ?

ಇನ್ನು ವಾಲಂಟಿಯರ್‌ಗಳು, ಅಂದ್ರೆ ನಮ್ಮ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳು. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಏಳು ದಿನದ ಕ್ಯಾಂಪ್ ಬೇರೆ. ಬೀಚ್ ಕ್ಲೀನಿಂಗ್ ಅಂತ ಸೋಮೇಶ್ವರಕ್ಕೋ ಪಣಂಬೂರಿಗೋ ಮಲ್ಪೆಗೋ ಹೋಗ್ತಾರೆ, ಕೆಲಸ ಮುಗಿದ ಮೇಲೆ ನೀರಿಗೆ ಇಳಿಯುವ ಆಸೆ ಆ ಪ್ರಾಯಕ್ಕೆ ಇದ್ದದ್ದೇ. ಸೋಮೇಶ್ವರದ ಬಂಡೆಗಳ ಹತ್ರ ಅಲೆ ಹೇಗೆ ಎಳೀತದೆ ಅಂತ ಅಲ್ಲಿಯ ಮೀನುಗಾರರನ್ನು ಕೇಳಿದ್ರೆ ಹೇಳ್ತಾರೆ, ಅವರನ್ನೇ ಕರೆಸಿ ಕ್ಯಾಂಪಿಗೆ ಮೊದಲು ಒಂದು ಗಂಟೆ ಮಾತಾಡಿಸ್ಬಹುದಲ್ವಾ. ಒಬ್ಬ ಮುಳುಗುವಾಗ ಈಜು ಬಾರದವರು ಹಾರ್ಬಾರ್ದು, ಹಗ್ಗ, ಟ್ಯೂಬ್, ಖಾಲಿ ಕ್ಯಾನ್ ಎಂತ ಸಿಕ್ತದೋ ಅದನ್ನು ಬಿಸಾಡಿ ಕೂಡ್ಲೇ 112ಕ್ಕೆ ಫೋನ್ ಮಾಡ್ಬೇಕು, ಇಷ್ಟು ಕಲಿಸ್ಲಿಕ್ಕೆ ದೊಡ್ಡ ಬಜೆಟ್ ಬೇಡ.

ಕಾಲೇಜಿನವರು ಹಣ ಇಲ್ಲ, ಟೈಮ್ ಇಲ್ಲ ಅಂತಾರೆ, ಕಾಂಟ್ರಾಕ್ಟಿನವರು ಆಗಾಗ ಬದಲಾಗ್ತಾರೆ ಅಂತಾರೆ. ಬದಲಾಗುದು ಹೌದು, ಅದಕ್ಕೇ ವರ್ಷಕ್ಕೊಂದು ಸಲ ಮಾಡಿದ್ರೆ ಸಾಕಾಗುದಿಲ್ಲ, ಹೊಸಬರು ಸೇರಿದ ವಾರದಲ್ಲೇ ಆಗ್ಬೇಕು. ಕಾಂಟ್ರಾಕ್ಟ್ ಬರೆಯುವಾಗಲೇ ಟ್ರೈನಿಂಗ್ ಆಗದವರನ್ನು ಕೆಲಸಕ್ಕೆ ಕಳಿಸ್ಬಾರ್ದು ಅಂತ ಒಂದು ಷರತ್ತು ಸೇರಿಸ್ಲಿ. ಕಲಿಯುವ ದಿನದ ಕೂಲಿ ಕಡಿತ ಮಾಡ್ಬಾರ್ದು, ಕೂಲಿ ಹೋಗ್ತದೆ ಅಂದ್ರೆ ಯಾರೂ ಬರುದಿಲ್ಲ. ಕನ್ನಡದಲ್ಲಿ, ತುಳುವಲ್ಲಿ, ಹೊರರಾಜ್ಯದ ಸೆಕ್ಯೂರಿಟಿಯವರಿಗೆ ಹಿಂದಿಯಲ್ಲಿ ಹೇಳ್ಲಿ. ಸಿಲಿಂಡರ್ ಕೈಗೆ ಕೊಟ್ಟು ಅಂಗಳದಲ್ಲಿ ಬೆಂಕಿ ಆರಿಸಿ ತೋರಿಸ್ಲಿ. ದೂರು ಕಮಿಟಿಯವರ ಹೆಸರು, ನಂಬರ್ ಪ್ರಿನ್ಸಿಪಾಲರ ಚೇಂಬರ್ ಹೊರಗಿನ ಬೋರ್ಡಲ್ಲಿ ಮಾತ್ರ ಅಲ್ಲ, ಕೆಲಸದವರು ಬಟ್ಟೆ ಬದಲಾಯಿಸುವ ರೂಮಲ್ಲೂ ಅಡುಗೆಮನೆಯಲ್ಲೂ ಕನ್ನಡದಲ್ಲಿ ಅಂಟಿಸ್ಲಿ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯ ಕಾಲೇಜಿನವರು ಮುಂದಿನ ವರ್ಷದ ಹೌಸ್‌ಕೀಪಿಂಗ್ ಟೆಂಡರ್ ಕರೆಯುದಕ್ಕೆ ಮೊದಲೇ ಇದನ್ನು ಮಾಡ್ಬೇಕು ಅಂತ ನನ್ನ ವಿನಂತಿ.

– ಒಬ್ಬ ಲ್ಯಾಬ್ ಅಟೆಂಡರ್, ಮಂಗಳೂರು