ಮನಸ್ಸಿನ ಕಾಯಿಲೆಯ ಮಾತ್ರೆ ತಾಲ್ಲೂಕಿನಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಅಮ್ಮ ತೀರಿಕೊಂಡ ಮೇಲೆ ನಮ್ಮಪ್ಪ ತಟ್ಟೆ ಮುಂದೆ ಸುಮ್ನೆ ಕೂತುಬಿಡುತ್ತಿದ್ದರು. ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತಿದ್ದರು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಅವರಿಗೀಗ 73 ವರ್ಷ. ಕೇಳಿದರೆ ಎದೆ ಉರಿ, ಹೊಟ್ಟೆ ಉಬ್ಬರ, ನಿದ್ದೆ ಇಲ್ಲ ಎನ್ನುತ್ತಿದ್ದರು. ಬೇಜಾರು ಅಂತ ಒಂದು ದಿನವೂ ಬಾಯಿಬಿಡಲಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ, ಇಸಿಜಿ, ಸ್ಕ್ಯಾನಿಂಗ್ ಎಂದು ಎಂಟು ತಿಂಗಳು ಅಲೆದೆವು. ಕೊನೆಗೆ ತುಮಕೂರಿನಲ್ಲಿ ಮನೋವೈದ್ಯರೊಬ್ಬರು ಇದು ಖಿನ್ನತೆ ಎಂದರು. ಮಾತ್ರೆ ಶುರುವಾಗಿ ಒಂದೂವರೆ ತಿಂಗಳಿಗೆ ಅಪ್ಪ, "ಇನ್ನೊಂದು ಸೌಟು ಸಾರು ಹಾಕಮ್ಮ" ಎಂದರು. ಆ ದಿನ ನಾನು ಮರೆಯುವುದಿಲ್ಲ.

ಆದರೆ ಈ ಕಾಯಿಲೆಯಲ್ಲಿ ಡಾಕ್ಟರ ಫೀಸಿಗಿಂತ ದಾರಿ ಖರ್ಚೇ ಜಾಸ್ತಿ. ನಮ್ಮದು ಪಾವಗಡದ ಕಡೆ ಹಳ್ಳಿ. ತುಮಕೂರಿಗೆ ಸುಮಾರು 100 ಕಿ.ಮೀ. ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ಇಲ್ಲ, ಅಪ್ಪನಿಗೆ ದುಡ್ಡು ಕೊಡಬೇಕು. ಜೊತೆಗೆ ಹೋದರೆ ನನ್ನ ಒಂದು ದಿನದ ಕೂಲಿ ಹೋಯಿತು. ಅವರಿಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳಿಗೆ 1,200 ರೂಪಾಯಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ, "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎಂದು ಚೀಟಿ ಕೊಟ್ಟರು. ಮೊನ್ನೆ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಎಲ್ಲ ಅರ್ಧ ಅರ್ಧ ಮಾತ್ರೆಗಳು. ಒಂದು ತಿಂಗಳದ್ದು ಎರಡು ತಿಂಗಳು ಬರಲಿ ಎಂದು ಮುರಿದಿಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಹೀಗೆ ತಮಗೆ ತಾವೇ ಕಡಿಮೆ ಮಾಡಿಕೊಂಡರೆ ಕಾಯಿಲೆ ಮತ್ತೆ ತಿರುಗಿಕೊಳ್ಳುತ್ತದೆ ಅಲ್ವಾ? 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ ಕರೆ. ಕನ್ನಡದಲ್ಲೇ ಸಮಾಧಾನವಾಗಿ ಮಾತನಾಡಿದರು, ಅವರಿಗೆ ಋಣಿ. ಮಾತ್ರೆ ಮಾತ್ರ ನಾವೇ ಹುಡುಕಬೇಕು.

2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತೇ? ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮಾತ್ರೆಗಳು ಯಾವಾಗಲೂ ಉಚಿತವಾಗಿ ಸಿಗಬೇಕು. ಬಡವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಆ ದಿನ ಅಲ್ಲಿ ಮಾತ್ರೆಯೂ ಇರಲಿ. ಡಾಕ್ಟರು ಒಪ್ಪಿದ ವಯಸ್ಸಾದವರಿಗೆ ಒಟ್ಟಿಗೆ ಎರಡು ತಿಂಗಳದ್ದು ಕೊಡಲಿ. ಬಿಪಿ, ಶುಗರ್ ವಿಚಾರಿಸಲು ಮನೆಗೆ ಬರುವ ಆಶಾ ಕಾರ್ಯಕರ್ತೆಯರು, "ನಿದ್ದೆ ಬರುತ್ತಾ ಅಜ್ಜ, ಊಟ ಸೇರುತ್ತಾ?" ಎಂದು ಒಂದು ಮಾತು ಕೇಳಲಿ. ನಮ್ಮಪ್ಪನನ್ನು ಯಾರಾದರೂ ಹಾಗೆ ಕೇಳಿದ್ದರೆ ಆ ಎಂಟು ತಿಂಗಳು ಉಳಿಯುತ್ತಿತ್ತು.

– ಓದುಗರೊಬ್ಬರು, ತುಮಕೂರು ಜಿಲ್ಲೆ